ಎದುರು ಪಕ್ಷದ ವಕಾಲತ್ತು

ನಾನು ಸಿಟ್ಟಿನ ಹೆಂಗಸು. ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು, ಅದನ್ನು ಕೇಳಿ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಅಂಥವಳನ್ನು ನಮ್ಮ ಕೇರಂ ಮಂಡಳಿಯವರು ನ್ಯಾಯಾಧೀಶೆ ಮಾಡಿದ್ದರೆಂದರೆ ಉಳಿದವರ ತಾಳ್ಮೆ ಎಂಥದ್ದಿತ್ತೆಂದು ನೀವೇ ಊಹಿಸಿಕೊಳ್ಳಿ.

ಮಂಡಳಿ ಎಂಬುದು ದೊಡ್ಡ ಮಾತಾಯಿತು. ಮೆಹದಿಪಟ್ಟಣಂ ಬಸ್‌ ನಿಲ್ದಾಣದಿಂದ ಒಳಗೆ ಹೋದರೆ ಸಿಗುವ ಒಂದು ಕಾಲೊನಿಯಲ್ಲಿ ವಕೀಲರ ಮನೆ. ಕೆಳಗೆ ಕಾರು ನಿಲ್ಲಿಸುವ ಷೆಡ್ಡು, ಆದರೆ ಕಾರನ್ನು ಅವರು ಯಾವಾಗಲೋ ಮಾರಿದ್ದರು. ಅಲ್ಲಿ ಒಂದು ಕೇರಂ ಬೋರ್ಡು, ಅದರ ಮೇಲೆ ಇಳಿಬಿಟ್ಟ ಬಲ್ಬು, ಸುತ್ತ ಬೇರೆಬೇರೆ ಜಾತಿಯ ನಾಲ್ಕು ಕುರ್ಚಿ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ನಾಲ್ವರು ಅಲ್ಲಿ ಸೇರುತ್ತಿದ್ದೆವು. ಮನೆಯ ಯಜಮಾನರಾದ ವಕೀಲರು, ಕರಿಕೋಟು ಕಳಚಿಟ್ಟು ವರ್ಷಗಳಾದರೂ ದನಿ ಇಳಿಸದವರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರು. ರೈಲ್ವೆಯಲ್ಲಿದ್ದು ಬಂದ ಒಬ್ಬರು, ಅವರನ್ನು ನಾವು ರೈಲ್ವೆ ಅಣ್ಣ ಎಂದೇ ಕರೆಯುತ್ತಿದ್ದೆವು. ನಾಲ್ಕನೆಯವಳು ಬ್ಯಾಂಕಿನ ಕೆಲಸ ಬಿಟ್ಟ ನಾನು. ಎಲ್ಲರಿಗಿಂತ ಚಿಕ್ಕವಳಾದರೂ ಮೂವರಿಗೂ ನಾನು ಅಕ್ಕಾರು. ಎಲ್ಲರ ಮನೆತನವೂ ಕಲಬುರಗಿ, ರಾಯಚೂರು, ಬೀದರ ಕಡೆಯಿಂದ ನೌಕರಿಗೆಂದು ಈ ಊರಿಗೆ ಬಂದು ಇಲ್ಲಿಯೇ ಉಳಿದದ್ದು.

ವಕೀಲರದು ಒಂದು ಪಕ್ಷ, ಮಾಸ್ತರರದು ಇನ್ನೊಂದು. ಪಕ್ಷಗಳ ಹೆಸರು ನಾನು ಬರೆಯುವುದಿಲ್ಲ, ಬರೆದರೆ ಓದುಗರಲ್ಲಿ ಅರ್ಧ ಜನ ಇಲ್ಲಿಗೇ ಓದುವುದನ್ನು ಬಿಟ್ಟು ನನ್ನನ್ನು ಬೈಯಲು ಕೂರುತ್ತಾರೆ. ಎರಡೂ ಎಣ್ಣೆ ಸೀಗೇಕಾಯಿ ಎಂದು ತಿಳಿದುಕೊಂಡರೆ ಸಾಕು. ತಮಾಷೆಯೆಂದರೆ ಇವರಿಬ್ಬರ ಜಗಳ ಇಲ್ಲಿಯ ಚುನಾವಣೆಗಿಂತ ಕರ್ನಾಟಕದ ಚುನಾವಣೆಯಲ್ಲಿ ಹೆಚ್ಚಾಗುತ್ತಿತ್ತು. ಅಲ್ಲಿ ಇಬ್ಬರಿಗೂ ಓಟಿಲ್ಲ, ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಾಣುವಷ್ಟೇ ಸಂಬಂಧ. ಓಟಿಲ್ಲದ ಕಡೆ ಆವೇಶ ಜಾಸ್ತಿ ಎಂಬುದು ನಾನು ಆ ಷೆಡ್ಡಿನಲ್ಲಿ ಕಲಿತ ಪಾಠ.

ಆದರೂ ಬೋರ್ಡಿನ ಮುಂದೆ ಇಬ್ಬರೂ ಒಂದೇ ಕಡೆ. ಕೇರಮ್ಮಿನಲ್ಲಿ ಎದುರಿಗೆ ಕೂತವನೇ ಜೊತೆಗಾರ, ಮಗ್ಗುಲಿಗೆ ಕೂತವನು ಎದುರಾಳಿ. ವಕೀಲರು, ಮಾಸ್ತರರು ಎದುರುಬದುರು ಕೂತು ಜೊತೆಗಾರರಾಗಿ ಆಡುತ್ತಿದ್ದರು. ನಾನು, ರೈಲ್ವೆ ಅಣ್ಣ ಅವರ ಕೈಯಲ್ಲಿ ಸೋಲುತ್ತಿದ್ದೆವು.

ಮೊದಲು ನಾವು ಐವರಿದ್ದೆವು. ಒಂದು ಸಲ ಚುನಾವಣೆಯ ಫಲಿತಾಂಶ ಬಂದ ವಾರ ಐದನೆಯವರಿಗೂ ಮಾಸ್ತರರಿಗೂ ಮಾತಿಗೆ ಮಾತು ಬೆಳೆದು, ಚಹಾದ ಕಪ್ಪು ಬೋರ್ಡಿನ ಮೇಲೆ ಉರುಳಿ, ಪೌಡರೆಲ್ಲ ರಾಡಿಯಾಯಿತು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದವರು ತಿರುಗಿ ಬರಲಿಲ್ಲ. ಎರಡು ಗಲ್ಲಿಯಾಚೆ ಅವರ ಮನೆ. ಈಗಲೂ ನಮ್ಮನ್ನು ಕಂಡರೆ ರಸ್ತೆ ದಾಟಿ ಆ ಮಗ್ಗುಲಿಗೆ ಹೋಗುತ್ತಾರೆ. ಆ ಕಾಲದಲ್ಲಿ ಎಲ್ಲ ಕಡೆಯೂ ಹೀಗೇ ಆಗುತ್ತಿತ್ತು. ಗಚ್ಚಿಬೌಲಿಯಲ್ಲಿ ನನ್ನ ತಂಗಿ ಇರುವ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ವಾಕಿಂಗ್ ಗುಂಪು ಒಡೆದು ಎರಡಾಗಿ, ಒಂದು ಗುಂಪು ಎಡಕ್ಕೆ ಸುತ್ತಿದರೆ ಇನ್ನೊಂದು ಬಲಕ್ಕೆ ಸುತ್ತುತ್ತಿತ್ತು. ನಡಿಗೆಯಲ್ಲೂ ಪಕ್ಷ ಬಂದರೆ ಮನುಷ್ಯರು ಎಲ್ಲಿಗೆ ಹೋಗಬೇಕು?

ಆ ಐದನೆಯವರು ಹೋದ ಮೇಲೆ ವಕೀಲರು ಒಂದು ಕಾನೂನು ತಂದರು. ಬೋರ್ಡಿನ ಮುಂದೆ ಯಾರು ಪಕ್ಷದ ಹೆಸರೆತ್ತುತ್ತಾರೋ ಅವರು ಆ ಆಟ ಮುಗಿಯುವ ತನಕ ಎದುರು ಪಕ್ಷದ ವಕಾಲತ್ತು ವಹಿಸಬೇಕು. ತನ್ನ ಪಕ್ಷವನ್ನು ತಾನೇ ಬೈಯಬೇಕು, ಎದುರಿನದನ್ನು ಹೊಗಳಬೇಕು. ಕಾಟಾಚಾರಕ್ಕೆ ಮಾಡಿದರೆ ನಡೆಯದು. ವಾದ ಒಪ್ಪುವಂತಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವಳು ನಾನು.

ಆ ಕಾನೂನು ಬಂದ ಮೇಲೆ ನಾವು ನಕ್ಕಷ್ಟು ಯಾವ ನಾಟಕ ನೋಡಿಯೂ ನಕ್ಕಿಲ್ಲ. ಮಾಸ್ತರರಿಗೆ ಬಾಯಿ ಕಟ್ಟುವುದು ಆಗದ ಮಾತು. ಬಂದು ಕೂತ ಗಳಿಗೆಯಲ್ಲೇ ಏನಾದರೂ ಒಂದು ಅಂದು ಸಿಕ್ಕಿಬೀಳುತ್ತಿದ್ದರು. ಆಮೇಲೆ ಎದ್ದು ನಿಂತು, ಕಪ್ಪುಹಲಗೆಯ ಮುಂದೆ ನಿಂತವರಂತೆ ಕೈ ಕಟ್ಟಿಕೊಂಡು, ವಕೀಲರ ಪಕ್ಷವನ್ನು ಹೊಗಳಲು ಸುರು ಮಾಡುವರು. ಪ್ರಮೇಯ ಬಿಡಿಸಿದ ಹಾಗೆ ಒಂದರ ಕೆಳಗೊಂದು ಕಾರಣ. ಒಮ್ಮೆ ವಕೀಲರ ಹೆಂಡತಿ ಮಂಡಕ್ಕಿ ಸೂಸ್ಲಾ ತಟ್ಟೆ ಹಿಡಿದು ಇಳಿದು ಬಂದವರು ಮೆಟ್ಟಿಲ ಮೇಲೆಯೇ ನಿಂತು, "ಮಾಸ್ತರ್ರ, ನೀವು ಯಾವಾಗ ನಮ್ಮ ಕಡೆ ಬಂದ್ರಿ? ನಮ್ಮನಿಯವ್ರು ಇಷ್ಟ ವರ್ಷ ಬಡಕೊಂಡ್ರೂ ಇಷ್ಟು ಛಲೋ ಹೇಳಿಲ್ರಿ" ಎಂದರು.

"ವೈನೀ, ಇದು ಶಿಕ್ಷಾ ಐತ್ರಿ, ಬಡ್ತಿ ಅಲ್ಲ" ಎಂದರು ಮಾಸ್ತರರು.

ವಕೀಲರೇನು ಕಡಿಮೆಯಲ್ಲ. ಅವರು ಮಾಸ್ತರರ ಪಕ್ಷದ ಪರ ನಿಂತರೆ ರೈಲ್ವೆ ಅಣ್ಣ, "ಮೈ ಲಾರ್ಡ್, ಈ ಆಸಾಮಿಗೆ ಟಿಕೆಟ್ ಕೊಡ್ರಿ" ಎಂದು ನನಗೆ ಕೈ ಮುಗಿಯುತ್ತಿದ್ದರು. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ಆಡಿಆಡಿ ಎದುರಿನವರ ವಾದ ಇಬ್ಬರಿಗೂ ಬಾಯಿಪಾಠವಾಗಿತ್ತು. ಮನಸ್ಸು ಮಾತ್ರ ಒಂದು ಕೂದಲೆಳೆಯಷ್ಟೂ ಆಚೀಚೆ ಸರಿಯಲಿಲ್ಲ. ಸರಿಯಬೇಕೆಂದು ಯಾರೂ ಕೇಳಿರಲೂ ಇಲ್ಲ.

ಬೋರ್ಡಿನ ಮೇಲೆ ಯಾರಾದರೂ ತಪ್ಪಿ ಎದುರಾಳಿಯ ಕಾಯಿಯನ್ನು ಪಾಕೆಟ್ಟಿಗೆ ಹಾಕಿದರೆ ಅದಕ್ಕೆ ನಾವಿಟ್ಟ ಹೆಸರು ಪಕ್ಷಾಂತರ. ಮಾಸ್ತರರಿಗೆ ಬಿಳಿ ಕಾಯಿ ಬಂದ ಒಂದು ಭಾನುವಾರ ಅವರು ಅಚ್ಚುಕಟ್ಟಾಗಿ ಗುರಿಯಿಟ್ಟು ಕರಿ ಕಾಯಿ ಹಾಕಿದರು. "ಪಕ್ಷಾಂತರ, ಪಕ್ಷಾಂತರ!" ಎಂದು ನಾವೆಲ್ಲ ಕೂಗಿದೆವು. ಅವರೂ ನಕ್ಕರು. ಮುಂದಿನ ಸರದಿಯಲ್ಲಿ ಮತ್ತೆ ಕರಿ ಕಾಯಿ. ಅದರ ಮುಂದಿನ ವಾರವೂ ಹಾಗೇ ಆಯಿತು. ಸ್ಟ್ರೈಕರನ್ನು ಕೈಯಲ್ಲಿ ಹಿಡಿದು ಬೋರ್ಡನ್ನು ನೋಡುತ್ತ, "ನನ್ನವು ಬಿಳೇವೇನ್ರಿ, ಕರೇವೇನ್ರಿ?" ಎಂದು ಮೆಲ್ಲಗೆ ವಕೀಲರನ್ನು ಕೇಳಿದರು. ವಕೀಲರು ನಗಲಿಲ್ಲ. "ನಮ್ಮವು ಬಿಳೇವ್ರಿ ಮಾಸ್ತರ್ರ" ಎಂದರು. ಆಮೇಲೆ ಪ್ರತಿ ಸರದಿಗೂ ಕೇಳುವ ಮೊದಲೇ ಹೇಳತೊಡಗಿದರು. ಆ ಷೆಡ್ಡಿನಲ್ಲಿ ಪಕ್ಷಾಂತರ ಎಂಬ ಮಾತು ಅವತ್ತಿನಿಂದ ನಿಂತುಹೋಯಿತು.

ಮಾಸ್ತರರ ಹೆಂಡತಿ ತೀರಿಕೊಂಡ ಮೇಲೆ ಅವರು ಮೆಹದಿಪಟ್ಟಣಂ ಮನೆ ಬಿಟ್ಟು ಮಣಿಕೊಂಡದಲ್ಲಿ ಮಗನ ಫ್ಲ್ಯಾಟಿನಲ್ಲಿದ್ದರು. ಸೊಸೆ ತೆಲುಗಿನವಳು, ಒಳ್ಳೆಯ ಹುಡುಗಿ. ಅವರು ಒಬ್ಬರೇ ಬಸ್ಸು ಹತ್ತಿ ಬರುವುದು ನಿಂತಾಗ ನಾನು, ವಕೀಲರು ನೋಡಲು ಹೋದೆವು. ಮಗ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಮೆದುಳು ಸವೆಯುವ ಕಾಯಿಲೆ, ಮುಂದೆ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಲ್ಲ. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದಲ್ಲಿ ಕೂತು ನಮ್ಮನ್ನು ನೋಡಿ ನಗುತ್ತಿದ್ದರು. ಅವರ ನೆನಪು ಚುರುಕಾಗಲೆಂದು ಸೊಸೆ, "ಎವರು ಮಾಮಯ್ಯಾ ವೀಳ್ಳು?" ಎಂದು ನಮ್ಮನ್ನು ತೋರಿಸಿ, ಇವರು ಯಾರೆಂದು ಕೇಳಿದಳು.

ಮಾಸ್ತರರು ನಮ್ಮ ಮುಖ ನೋಡಿದರು. ಹೆಸರು ಸಿಗಲಿಲ್ಲ. "ನಮ್ಮವ್ರು" ಎಂದರು.

ಸೊಸೆಗೆ ಅದು ತೆಲುಗಾಗಿ ಕೇಳಿಸಿತು. ತೆಲುಗಿನಲ್ಲಿ ನಮ್ಮರು ಎಂದರೆ ನಂಬುವುದಿಲ್ಲ ಎಂದು. "ಎವರು ನಮ್ಮರು ಮಾಮಯ್ಯಾ? ನೇನು ನಮ್ಮುತಾನು" ಎಂದು ಪಾಪ ಅವರ ಕೈ ಹಿಡಿದುಕೊಂಡಳು. ಯಾರು ನಂಬುವುದಿಲ್ಲ, ನಾನು ನಂಬುತ್ತೇನೆ ಎಂದು. ನಾನು ಅರ್ಥ ಬಿಡಿಸಿ ಹೇಳಿದೆ. ನಾವೆಲ್ಲ ನಕ್ಕೆವು, ಮಾಸ್ತರರೂ ನಮ್ಮ ಜೊತೆ ನಕ್ಕರು. ಲಿಫ್ಟಿನಲ್ಲಿ ಇಳಿಯುವಾಗ ನನಗೆ ಅಳು ತಡೆಯಲಾಗಲಿಲ್ಲ. ವಕೀಲರು ಲಿಫ್ಟಿನ ಗುಂಡಿಗಳನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ಭಾನುವಾರಗಳಂದು ವಕೀಲರೇ ಆಟೋ ಮಾಡಿಕೊಂಡು ಹೋಗಿ ಮಾಸ್ತರರನ್ನು ಕರೆತರುತ್ತಿದ್ದರು. ಆಟ ಹೆಸರಿಗಷ್ಟೇ ಉಳಿದಿತ್ತು. ಆ ಚಳಿಗಾಲದಲ್ಲಿ ಇಲ್ಲಿಯ ಚುನಾವಣೆ ಬಂತು. ಗಲ್ಲಿಯಲ್ಲಿ ಆಟೋಗಳು ಮೈಕು ಕಟ್ಟಿಕೊಂಡು ಹಾಡು ಹಾಕುತ್ತ ತಿರುಗುತ್ತಿದ್ದವು. ಅಂಥದೊಂದು ಆಟೋ ಷೆಡ್ಡಿನ ಮುಂದೆ ಹಾದುಹೋದಾಗ ಮಾಸ್ತರರು ತಲೆಯೆತ್ತಿ ನನ್ನನ್ನು ಕೇಳಿದರು.

"ಅಕ್ಕಾರ, ನಂದು ಯಾವ ಪಕ್ಷರಿ?"

ರೈಲ್ವೆ ಅಣ್ಣ ನಕ್ಕು, "ಅಷ್ಟೂ ಗೊತ್ತಿಲ್ಲೇನ್ರಿ? ವಕೀಲ್ ಸಾಹೇಬ್ರ ಪಕ್ಷನ ನಿಮ್ದು" ಎಂದರು.

"ಏ, ಬಾಯಿ ಮುಚ್ಚೋ!" ವಕೀಲರು ಬೋರ್ಡನ್ನು ಅಂಗೈಯಿಂದ ಬಡಿದರು. ಕಾಯಿಗಳು ಚೆಲ್ಲಾಪಿಲ್ಲಿಯಾದವು. ಅವರು ರೈಲ್ವೆ ಅಣ್ಣನನ್ನು ಏಕವಚನದಲ್ಲಿ ಕರೆದದ್ದು ನಾನು ಅದೇ ಮೊದಲ ಸಲ ಕೇಳಿದ್ದು. "ಇದರಾಗ ಮಸ್ಕಿರಿ ನಕೋ. ಬೇರೆ ಯಾವುದರಾಗ ಬೇಕಾದ್ರೂ ಮಾಡ್ರಿ."

ವಕೀಲರ ಹೆಂಡತಿ ಮಾಸ್ತರರನ್ನು ಒಳಗೆ ಚಹಾಕ್ಕೆ ಕರೆದುಕೊಂಡು ಹೋದ ಮೇಲೆ ರೈಲ್ವೆ ಅಣ್ಣ ಮುನಿಸಿನಿಂದಲೇ ಅಂದರು: "ನಿಮ್ಮ ಒಳ್ಳೇದಕ್ಕ ಅಂದ್ನಿರಿ. ಅವರಿಗೆ ಇನ್ನ ಯಾವುದಾದ್ರೇನು? ಒಂದು ಓಟು ನಿಮಗ ಬಂತು ಅನ್ಕೋರಿ."

ವಕೀಲರು ಚೆಲ್ಲಿದ ಕಾಯಿಗಳನ್ನು ಒಂದೊಂದಾಗಿ ಕೂಡಿಸಿದರು. "ಆ ಮನುಷ್ಯ ಜೀವನಪೂರ್ತಿ ನನ್ನ ಕೂಡ ಜಗಳಾಡ್ಯಾನ್ರಿ" ಎಂದರು ಕೊನೆಗೆ. "ಹೆಂಡ್ತಿ ಹೆಸರು ಹೋತು. ಲೆಕ್ಕ ಹೋತು. ಇದನ್ನೂ ನಾ ಕಸಗೊಂಡ್ರ ಅವರ ಹತ್ರ ಏನು ಉಳೀತೈತ್ರಿ?"

ಅಂದಿನಿಂದ ವಕೀಲರು ಶಿಕ್ಷೆಯಿಲ್ಲದೆಯೇ ಎದುರು ಪಕ್ಷದ ವಕಾಲತ್ತು ಹಿಡಿದರು. ಮಾಸ್ತರರ ಮುಂದೆ ಕುರ್ಚಿ ಎಳೆದು ಕೂತು, ಮಾಸ್ತರರು ಹಿಂದೆ ಆಡುತ್ತಿದ್ದ ಮಾತುಗಳನ್ನೇ ಒಂದೊಂದಾಗಿ ಅವರಿಗೆ ಹೇಳುವರು. ಇದು ನಿಮ್ಮ ಪಕ್ಷ ಮಾಡಿದ್ದು, ಇದಕ್ಕಾಗಿ ನೀವು ಅದನ್ನು ನಂಬಿದ್ದು, ಇಂಥ ವರ್ಷ ನೀವು ನನಗೆ ಹೀಗೆ ಬಾಯಿ ಮುಚ್ಚಿಸಿದ್ದು. ಆಮೇಲೆ ತಮ್ಮದೇ ಪಕ್ಷವನ್ನು ಬೈಯುವರು, ಮಾಸ್ತರರು ಬೈಯುತ್ತಿದ್ದ ಹಾಗೆಯೇ. ಮೊದಲು ನಗೆಯಲ್ಲಿ ತೇಲಿಹೋಗುತ್ತಿದ್ದ ಮಾತುಗಳು ಈಗ ಆ ಬಲ್ಬಿನ ಕೆಳಗೆ ಕೇಳಲು ಬಹಳ ಕಷ್ಟವಾಗುತ್ತಿದ್ದವು. ಮಾಸ್ತರರು ಒಳ್ಳೆಯ ವಿದ್ಯಾರ್ಥಿಯಂತೆ ಕೇಳಿಸಿಕೊಂಡು ತಲೆಯಾಡಿಸುವರು. ಮರುವಾರ ಮತ್ತೆ ಮೊದಲಿನಿಂದ ಹೇಳಬೇಕು. ಇದೆಲ್ಲ ಯಾತಕ್ಕೆ, ಬಿಡಿ ಎಂದು ನಾನು ಒಂದೆರಡು ಸಲ ಗದರಿದೆ. ಅವರು ಕುರ್ಚಿಯನ್ನು ಮಾಸ್ತರರಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಮಾಸ್ತರರ ಹೆಸರು ಇನ್ನೂ ಮೆಹದಿಪಟ್ಟಣಂ ಮತಗಟ್ಟೆಯಲ್ಲಿಯೇ ಇತ್ತು. "ಈ ಸಲ ಬಿಟ್ಟುಬಿಡಿ ಅಂಕಲ್, ಅಪ್ಪನಿಗೆ ಈಗ ಯಾವುದೂ ಒಂದೇ" ಎಂದು ಮಗ ಹೇಳಿ ನೋಡಿದ. ಆದರೆ ಓಟು ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಸ್ತರರು ಎದ್ದು ಚಪ್ಪಲಿ ಹುಡುಕುತ್ತಿದ್ದರಂತೆ. ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಹೀಗಾಗಿ ಅವತ್ತು ಬೆಳಿಗ್ಗೆ ಮಗ ಅವರನ್ನು ವಕೀಲರ ಮನೆಗೆ ತಂದುಬಿಟ್ಟ. ನಾನು ಆಗಲೇ ನನ್ನ ಓಟು ಹಾಕಿ ಬಂದಿದ್ದೆ. ಒಬ್ಬರಿಗೆ ಇಬ್ಬರಿರಲಿ ಎಂದು ಅವರ ಜೊತೆಗೆ ಹೊರಟೆ.

ಆಟೋದಲ್ಲಿ ವಕೀಲರು ದಾರಿಯುದ್ದಕ್ಕೂ ಹೇಳಿದರು. ನಿಮ್ಮ ಪಕ್ಷದ ಗುರುತು ಇದು, ಮೇಲಿನಿಂದ ಇಂತಲ್ಲಿರುತ್ತದೆ, ಅದರ ಮುಂದಿನ ಗುಂಡಿ ಒತ್ತಬೇಕು. ಇನ್ನೊಂದು ಪಕ್ಷದವರು ಕೆಲಸಕ್ಕೆ ಬಾರದವರು, ಅವರ ಗುರುತಿನ ಕಡೆ ನೋಡಲೂ ಬೇಡಿ. ಆ ಇನ್ನೊಂದು ಪಕ್ಷಕ್ಕಾಗಿ ಇದೇ ವಕೀಲರು ಹರೆಯದಲ್ಲಿ ಬಿಸಿಲಿನಲ್ಲಿ ತಿರುಗಿ, ರಾತ್ರಿ ಗೋಡೆಗೆ ಸುಣ್ಣದಲ್ಲಿ ಬರೆದವರು ಎಂಬುದು ನನಗೆ ಗೊತ್ತಿತ್ತು. ಬೈಯುವಾಗ ಅವರ ದನಿ ಒಂದು ಸಲವೂ ತಡವರಿಸಲಿಲ್ಲ. ಮಾಸ್ತರರು ಕಣ್ಣು ಕಿರಿದು ಮಾಡಿ ಅವರನ್ನೇ ನೋಡುತ್ತಿದ್ದರು.

ಶಾಲೆಯ ಅಂಗಳದಲ್ಲಿ ಉದ್ದ ಸಾಲಿತ್ತು. ಪೊಲೀಸಿನವರು ವಯಸ್ಸು ನೋಡಿ ಮಾಸ್ತರರನ್ನು ಮುಂದೆ ಬಿಟ್ಟರು. ವಕೀಲರು ಸಾಲಿನಲ್ಲಿಯೇ ನಿಂತು ಬಾಗಿಲ ಕಡೆ ಕತ್ತು ಚಾಚಿದ್ದರು. ಮಗುವನ್ನು ಮೊದಲ ದಿನ ಶಾಲೆಯೊಳಗೆ ಕಳಿಸಿದ ತಾಯಂದಿರು ಹಾಗೆ ನಿಲ್ಲುತ್ತಾರೆ.

ಮಾಸ್ತರರು ಹೊರಗೆ ಬಂದರು. ಎಷ್ಟೋ ತಿಂಗಳಿನಿಂದ ನಾನು ಆ ಮುಖದಲ್ಲಿ ಅಷ್ಟು ಬೆಳಕು ನೋಡಿರಲಿಲ್ಲ. ನೆಟ್ಟಗೆ ವಕೀಲರ ಮುಂದೆ ಬಂದು ನಿಂತು, ಶಾಯಿ ಹಚ್ಚಿದ ಬೆರಳನ್ನು ಅವರ ಮೂಗಿನ ಮುಂದೆ ಆಡಿಸಿದರು.

"ಮುಂಜಾನಿಂದ ನೀವು ಯಾರನ್ನ ಬೈಯಾಕತ್ತಿದ್ರೋ ಅವರಿಗೇ ಒತ್ತಿ ಬಂದೀನಿ ನೋಡ್ರಿ!" ಎಂದರು. "ಇಷ್ಟು ವರ್ಷ ನಿಮ್ಮ ಮಾತು ಕೇಳಿದಾವಲ್ಲ. ಇವತ್ತ ಕೇಳ್ತೀನೇನ್ರಿ ವಕೀಲ್ ಸಾಹೇಬ್ರ?"

ತನ್ನ ಪಕ್ಷ ಯಾವುದೆಂಬ ನೆನಪು ಮಾಸ್ತರರಿಗೆ ಉಳಿದಿರಲಿಲ್ಲ. ಈ ಮನುಷ್ಯ ತನ್ನ ಎದುರಾಳಿ ಎಂಬುದಷ್ಟೇ ಉಳಿದಿತ್ತು. ಎದುರಾಳಿ ಹೊಗಳುವುದು ತನ್ನದಿರಲಾರದು ಎಂದು ಆ ಗಣಿತದ ತಲೆ ಲೆಕ್ಕ ಹಾಕಿತ್ತು. ನಮ್ಮ ಷೆಡ್ಡಿನ ಕಾನೂನು ಗೊತ್ತಿಲ್ಲದ ಯಾರಿಗಾದರೂ ಆ ಲೆಕ್ಕ ಸರಿಯೇ. ನಾನು ಬಾಯಿ ತೆರೆದೆ. ವಕೀಲರು ಕೈಯೆತ್ತಿ ನನ್ನನ್ನು ತಡೆದರು.

"ಗೆದ್ರಿ ಮಾಸ್ತರ್ರ" ಎಂದರು. "ನನ್ನ ಆಟ ನಡೀಲಿಲ್ಲ."

ಮಾಸ್ತರರು ಗಹಗಹಿಸಿ ನಕ್ಕರು. ಸಾಲಿನಲ್ಲಿದ್ದವರೂ ತಿರುಗಿ ನೋಡಿ ನಕ್ಕರು. ನಾನು ಅವರ ತೋಳು ಹಿಡಿದು ಗೇಟಿನ ಹೊರಗೆ ಆಟೋದಲ್ಲಿ ಕೂರಿಸಿದೆ. ಅವರು ಸ್ವಲ್ಪ ಹೊತ್ತು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದು ಆಮೇಲೆ ಸುಮ್ಮನಾದರು. ಸಾಲು ನಿಧಾನವಾಗಿ ಸರಿಯುತ್ತಿತ್ತು. ವಕೀಲರು ಒಳಗೆ ಹೋದರು. ಹೊರಗೆ ಬರುವುದು ತಡವಾಯಿತು.

ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಗೇಟಿನ ಹತ್ತಿರ ನಿಂತು, ಮಾಸ್ತರರಿಗೆ ಕೇಳಿಸದ ಹಾಗೆ ಹೇಳಿದರು: "ನನ್ನ ಓಟು ಅವರು ಹಾಕ್ಯಾರಲ್ರಿ ಅಕ್ಕಾರ. ಅವರದು ನಾ ಹಾಕಿ ಬಂದೆ."

ಮಾಸ್ತರರ ಪಕ್ಷದ ಗುಂಡಿ ಒತ್ತಿ, ಹುಟ್ಟಿದಾಗಿನಿಂದ ಮಾಡದ ಕೆಲಸವನ್ನು ಮಾಡಿ ಬಂದಿದ್ದರು. ಇಬ್ಬರೂ ಆಟೋ ಹತ್ತಿದೆವು. ವಕೀಲರು ಮಾಸ್ತರರ ಮಗ್ಗುಲಿಗೆ ಕೂತು, ಕನ್ನಡಕ ತೆಗೆದು ಕರವಸ್ತ್ರದಿಂದ ಕಣ್ಣು ಒರೆಸಿಕೊಂಡರು. ಒರೆಸಿದಷ್ಟೂ ಬರುತ್ತಿತ್ತು. ಮಾಸ್ತರರು ಅದನ್ನು ನೋಡಿದರು. ಅವರಿಗೂ ಸಂಕಟವಾಯಿತೆಂದು ಕಾಣುತ್ತದೆ, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ಪಾಪ, ಯಾರ್ರಿ ಇವರು? ಯಾಕ ಅಳಾಕತ್ತಾರ?"